ಮಡಿಯಲ್ಲಿ ಮಾಡಿದ ದ್ರಾಕ್ಷಾರಸ

ನನ್ನ ಹೆಸರಿನಲ್ಲಿ ಮೊದಲು ಅಚ್ಚಾದ ಕನ್ನಡ ಬರಹವನ್ನು ನಾನು ಮನೆಯಲ್ಲಿ ಇಟ್ಟುಕೊಂಡಿಲ್ಲ. ಯಾರಾದರೂ ಕೇಳಿದರೆ ಪ್ರತಿ ಕಳೆದುಹೋಯಿತು ಎನ್ನುತ್ತೇನೆ. ಕಳೆದಿಲ್ಲ, ನಾನೇ ರದ್ದಿಯವನಿಗೆ ಹಾಕಿದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಕಾರಣ ಹೇಳಬೇಕಾದರೆ ನನ್ನ ಗುರುಗಳಿಂದ ಶುರುಮಾಡಬೇಕು.

ಮೆಟ್ರೋ ಇನ್ನೂ ಕರೋಲ್ ಬಾಗ್ ಮುಟ್ಟಿರದ ವರ್ಷಗಳವು. ರಸ್ತೆಯ ನಡುವೆ ಕಂಬಗಳು ಏಳುತ್ತಿದ್ದವು, ಇಡೀ ದೆಹಲಿ ಮೂಗಿಗೆ ಬಟ್ಟೆ ಹಿಡಿದುಕೊಂಡು ಓಡಾಡುತ್ತಿತ್ತು. ನಾನು ಉಡುಪಿ ಕಡೆಯ ಪ್ರಾಟೆಸ್ಟೆಂಟ್ ಮನೆಯ ಮಗಳು. ವಸಂತ್ ಕುಂಜ್‌ನಲ್ಲಿ ಸರ್ಕಾರ ಕಟ್ಟಿಸಿದ ಡಿಡಿಎ ಫ್ಲ್ಯಾಟೊಂದರ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದು ಪಿಎಚ್‌ಡಿ ಮಾಡುತ್ತಿದ್ದೆ. ವಿಷಯ, ಕ್ರೈಸ್ತ ಧರ್ಮ ಬೇರೆ ಬೇರೆ ನಾಡುಗಳ ಮನೆಯೊಳಗೆ ಹೊಕ್ಕಾಗ ಏನೇನಾಯಿತು ಎಂಬ ಚರಿತ್ರೆ. ಊರಿಗೆ ಹೋದಾಗ ನನ್ನ ಸೋದರತ್ತೆ ಕೇಳುತ್ತಿದ್ದರು: “ನಮ್ಮದೇ ಕಥೆ ಓದ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ನನ್ನ ಹತ್ರ ಕೇಳಿದ್ರೆ ಚಾ ಕೊಟ್ಟು ಹೇಳ್ತಿದ್ದೆ.”

ನನ್ನ ಮಾರ್ಗದರ್ಶಕರನ್ನು ನಾವೆಲ್ಲ ಸರ್ ಎನ್ನುತ್ತಿದ್ದೆವು. ಹುಬ್ಬಳ್ಳಿ ಕಡೆಯವರು. ಹರೆಯದಲ್ಲಿ ಓದಲು ದೆಹಲಿಗೆ ಬಂದವರು ಇಲ್ಲೇ ಪ್ರಾಧ್ಯಾಪಕರಾಗಿ, ಮಯೂರ್ ವಿಹಾರ್‌ನ ಸೊಸೈಟಿಯಲ್ಲಿ ಮನೆ ಮಾಡಿ, ಇಲ್ಲಿನ ಕನ್ನಡ ಕ್ರೈಸ್ತ ಸಭೆಯ ಹಿರಿಯರೂ ಆಗಿದ್ದರು. ಹೆಂಡತಿ ತೀರಿಕೊಂಡಿದ್ದರು. ಇಂಗ್ಲಿಷಿನಲ್ಲಿ ಪಾಠ ಮಾಡುವಾಗ ಬಹಳ ಗಂಭೀರ. ಕ್ಲಾಸು ಮುಗಿಸಿ ಚಹಾಕ್ಕೆ ಕೂತರೆ ಅಪ್ಪಟ ಹುಬ್ಬಳ್ಳಿ.

ಅವರ ಒಂದು ಪಾಠ ನನಗೆ ಬಾಯಿಪಾಠವಾಗಿದೆ. ನಮ್ಮ ಆರಾಧನೆಯಲ್ಲಿ ಕರ್ತನ ಭೋಜನ ಎಂಬುದೊಂದಿದೆ. ರೊಟ್ಟಿಯ ಚೂರು, ದ್ರಾಕ್ಷಾರಸದ ಒಂದು ಗುಟುಕು. ದ್ರಾಕ್ಷಿ ಬೆಳೆಯದ ನಾಡಿನವರು ಏನು ಮಾಡಿದರು? ಇಥಿಯೋಪಿಯಾದ ಪಾದ್ರಿಗಳು ಒಣದ್ರಾಕ್ಷಿ ನೆನೆಸಿ ಹಿಂಡಿದರು. ನಮ್ಮ ಮಲಬಾರಿನ ಹಳೆಯ ಕ್ರೈಸ್ತರೂ ಹಾಗೇ ಮಾಡಿದರು, ಹಡಗಿನಲ್ಲಿ ಬಂದ ಪರದೇಶಿ ಪಾದ್ರಿಗಳು ಅದನ್ನು ನೋಡಿ ಮೂಗು ಮುರಿದರು. ಇಷ್ಟು ಹೇಳಿ ಸರ್ ಕನ್ನಡಕ ತೆಗೆದು ಒರೆಸುತ್ತ, ಮೂಗು ಮುರಿದವರ ಚರಿತ್ರೆ ಬರೆದದ್ದಾಗಿದೆ, ಇನ್ನು ದ್ರಾಕ್ಷಿ ಹಿಂಡಿದವರ ಚರಿತ್ರೆ ಬರೆಯುವುದು ನಿಮ್ಮ ಕೆಲಸ ಎನ್ನುತ್ತಿದ್ದರು. ನಾನು ಅವರನ್ನು ದೇವರೆಂದೇ ತಿಳಿದಿದ್ದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ, ಸಿಟ್ಟಿದೆ.

ಆ ಪಾಠದ ದಿನವೇ ಚಹಾ ಕುಡಿಯುತ್ತ ಅವರು ಅಂದರು: “ಇಥಿಯೋಪಿಯಾ ಯಾಕ ಬೇಕು? ಕರೋಲ್ ಬಾಗಿಗೆ ನಡಿ. ನನ್ನ ಮೊದಲನೇ ದ್ರಾಕ್ಷಾರಸ ಮಾಡಿಕೊಟ್ಟಾಕಿನ ತೋರಸ್ತೀನಿ.”

ಕರೋಲ್ ಬಾಗಿನ ಒಂದು ಗಲ್ಲಿಯಲ್ಲಿ ನಮ್ಮ ಕರಾವಳಿಯ ಬ್ರಾಹ್ಮಣರ ಹೋಟೆಲಿತ್ತು. ಕೆಳಗೆ ಹೋಟೆಲು, ಮೇಲೆ ಮನೆ, ಅದರ ಮೇಲೆ ಅಕ್ಕಿ ಮೂಟೆ ಇಡುವ ದೊಡ್ಡ ಕೋಣೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮನೆಯ ಮಗ ಸರ್ ಮುಖ ನೋಡಿದ್ದೇ ಎದ್ದು ನಿಂತರು. ನಾವು ಮನೆಗೆ ಹತ್ತಿದೆವು. ಬಿಳಿ ಕೂದಲಿನ, ಸಣ್ಣ ಮೈಕಟ್ಟಿನ ಮುದುಕಿ ಕಾಳು ಆರಿಸುತ್ತ ಕೂತಿದ್ದರು. ಹೋಟೆಲಿನವರೆಲ್ಲರಿಗೂ ಅವರು ಅಮ್ಮ. ಸರ್ ಬಗ್ಗಿ ಅವರ ಕಾಲು ಮುಟ್ಟಿದರು. ಅಷ್ಟು ದೊಡ್ಡ ಪ್ರೊಫೆಸರ್ ಹಾಗೆ ಬಗ್ಗಿದ್ದನ್ನು ನೋಡಿ ನಾನೂ ಬಗ್ಗಿದೆ.

ಕಥೆ ಇಷ್ಟು. ಬಹಳ ಹಿಂದೆ, ದೆಹಲಿಯ ಕನ್ನಡ ಕ್ರೈಸ್ತರು ಬೆರಳೆಣಿಕೆಯಷ್ಟಿದ್ದಾಗ, ಭಾನುವಾರ ಕನ್ನಡದಲ್ಲಿ ಪ್ರಾರ್ಥನೆ ಮಾಡಲು ಅವರಿಗೆ ಜಾಗವಿರಲಿಲ್ಲ. ಊಟಕ್ಕೆಂದು ಬರುತ್ತಿದ್ದ ಗುಮಾಸ್ತರು ಹೋಟೆಲಿನ ಯಜಮಾನರಲ್ಲಿ, ಅಂದರೆ ಅಮ್ಮನ ಗಂಡನಲ್ಲಿ, ಕಷ್ಟ ಹೇಳಿಕೊಂಡರು. ಅವರು ಮೇಲಿನ ಕೋಣೆಯ ಮೂಟೆಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿಕೊಟ್ಟರು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಆರಾಧನೆ. ಬಾಡಿಗೆ ಬೇಡ ಎಂದರು. ಒಂದೇ ಷರತ್ತು ಹಾಕಿದರು, ಮನೆಯೊಳಗೆ ಮದ್ಯ ಬರಕೂಡದು. ಕರ್ತನ ಭೋಜನದ ದಿನ ಸಭಾಪಾಲಕರು, ಎಂದರೆ ಸಭೆಯ ಪಾದ್ರಿ, ಅಂಗಡಿಯ ದ್ರಾಕ್ಷಾರಸದ ಬಾಟಲಿ ಹಿಡಿದುಕೊಂಡು ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟರಂತೆ. ಅತ್ತ ಷರತ್ತು, ಇತ್ತ ಸಂಸ್ಕಾರ.

“ಅದೆಂತ ದೊಡ್ಡ ಸಂಗತಿ? ದ್ರಾಕ್ಷಿ ರಸ ತಾನೇ? ನಾನು ಮಾಡಿ ಕೊಡ್ತೇನೆ ಅಂದೆ,” ಎಂದು ಅಮ್ಮ ಕಾಳು ಆರಿಸುತ್ತಲೇ ಹೇಳಿದರು.

ಅವರು ಮಾಡಿದ್ದು ಮಡಿಯಲ್ಲಿ. ಕಪ್ಪು ಒಣದ್ರಾಕ್ಷಿ ತರಿಸಿ, ತೊಳೆದು, ಹಿಂದಿನ ದಿನವೇ ನೆನೆಹಾಕುತ್ತಿದ್ದರು. ಭಾನುವಾರ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ಕುದಿಸಿ, ತೆಳುಬಟ್ಟೆಯಲ್ಲಿ ಹಿಂಡಿ, ಬೆಳ್ಳಿಯ ತಂಬಿಗೆಗೆ ತುಂಬಿ ಮುಚ್ಚಿಡುತ್ತಿದ್ದರು. ಸಭಾಪಾಲಕರು ಬೇಡವೆಂದರೂ ಒಂದು ಏಲಕ್ಕಿ ಹಾಕದೆ ಬಿಡುತ್ತಿರಲಿಲ್ಲ, ದೇವರಿಗೆ ಸಪ್ಪೆ ಕೊಡುವುದುಂಟೇ ಎಂದು. ತಂಬಿಗೆಯನ್ನು ತಾವೇ ಹೊತ್ತುಕೊಂಡು ಹೋಗಿ ಕೋಣೆಯ ಹೊಸ್ತಿಲಲ್ಲಿ ಇಟ್ಟು ಬರುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕೂತು ಕಾಯುವುದು. ಅವರ ಲೆಕ್ಕದಲ್ಲಿ ಅದು ನೈವೇದ್ಯ. ನೈವೇದ್ಯ ಆಗುವ ಮೊದಲು ಮಾಡಿದವಳು ಊಟ ಮಾಡಬಾರದು. ಮೇಲೆ ಕೊನೆಯ ಕೀರ್ತನೆ ಶುರುವಾಯಿತೆಂದರೆ ದೇವರಿಗೆ ಮುಟ್ಟಿತು ಎಂದು ಎದ್ದು ಎಲೆ ಹಾಕಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಸಂಜೆಯ ಕಾಫಿಯ ಹೊತ್ತು ಹತ್ತಿರವಾಗಿರುತ್ತಿತ್ತು.

ಸಭೆಗೆ ಬೇರೆ ಕಟ್ಟಡ ಸಿಗುವ ತನಕ ವರ್ಷಗಟ್ಟಲೆ ಹೀಗೆ ನಡೆಯಿತು. ಸರ್ ವಿದ್ಯಾರ್ಥಿಯಾಗಿ ಬಂದದ್ದು ಆ ಕಾಲದಲ್ಲೇ. ಅವರ ದೃಢೀಕರಣ, ಎಂದರೆ ಸಭೆಯ ಪೂರ್ಣ ಸದಸ್ಯರಾಗುವ ಸಂಸ್ಕಾರ, ಆದದ್ದೂ ಮೊದಲ ಗುಟುಕು ಕುಡಿದದ್ದೂ ಅಕ್ಕಿ ಮೂಟೆಗಳ ನಡುವೆಯೇ.

“ಇವತ್ತಿಗೂ ಯಾಲಕ್ಕಿ ಇಲ್ಲದ ದ್ರಾಕ್ಷಾರಸ ನನಗ ರುಚಿಸಂಗಿಲ್ಲ,” ಎಂದು ಸರ್ ನಕ್ಕರು. ಅಮ್ಮನೂ ನಕ್ಕರು.

ನನಗೆ ನಿಧಿ ಸಿಕ್ಕ ಹಾಗಾಗಿತ್ತು. ಆಮೇಲೆ ನಾನೊಬ್ಬಳೇ ಹೋಗತೊಡಗಿದೆ. ವಸಂತ್ ಕುಂಜ್‌ನಿಂದ ಬಸ್ಸು ಹಿಡಿದು, ಇಳಿದು, ಸೈಕಲ್ ರಿಕ್ಷಾದವನ ಜೊತೆ “ಭಯ್ಯಾ, ಇಷ್ಟು ದೂರಕ್ಕೆ ಅಷ್ಟಾ?” ಎಂದು ಜಗಳವಾಡಿ ಮೆಟ್ಟಿಲು ಹತ್ತಿದರೆ ಅಮ್ಮ ಮೊದಲು ತಿನ್ನಲು ಕೊಡುತ್ತಿದ್ದರು, ಮಾತು ಆಮೇಲೆ. ಬಹಳ ದಿನ ಒಳ್ಳೆಯದನ್ನೇ ಹೇಳಿದರು. ಒಮ್ಮೆ ಕೆಟ್ಟದ್ದೂ ಬಂತು.

ಅವರು ಕ್ರೈಸ್ತರ ಪೂಜೆಗೆ ಮಡಿಯಲ್ಲಿ ಅಡುಗೆ ಮಾಡುತ್ತಾರೆ ಎಂಬ ಸುದ್ದಿ ಊರು ಮುಟ್ಟಿತ್ತು. ಅತ್ತೆಯ ಶ್ರಾದ್ಧಕ್ಕೆ ಊರಿಗೆ ಹೋದಾಗ ಭಾವ, ಎಂದರೆ ಗಂಡನ ಅಣ್ಣ, ಇವರನ್ನು ಅಡುಗೆಮನೆಗೆ ಬಿಡಲಿಲ್ಲ. ಮನೆಯ ಸೊಸೆಯಾಗಿ ಬಡಿಸಬೇಕಿದ್ದವರು ಹಿತ್ತಿಲ ಕಟ್ಟೆಯ ಮೇಲೆ ಕೂತು ಬೇರೆ ಊಟ ಮಾಡಿದರು. ಅಲ್ಲಿಂದ ಮುಂದೆ ಸಾಯುವವರೆಗೂ ಭಾವ ಇವರ ಕೈಯ ನೀರು ಮುಟ್ಟಲಿಲ್ಲ.

“ಆದ್ರೂ ನೀವು ನಿಲ್ಲಿಸಲಿಲ್ವಾ ಅಮ್ಮ?” ಎಂದು ಕೇಳಿದೆ.

“ಎಂತದಕ್ಕೆ ನಿಲ್ಲಿಸುವುದು? ನಾನು ದೇವರಿಗೆ ಮಾಡಿದ್ದು. ಯಾವ ದೇವರು ಅಂತ ದ್ರಾಕ್ಷಿ ಕೇಳ್ತದಾ?” ಎಂದರು. ಆಮೇಲೆ ತಿಂಡಿಯ ತಟ್ಟೆಯನ್ನು ನನ್ನ ಕಡೆ ಸರಿಸಿ, “ನೀನು ಬರೀ ಮಗಾ. ಈಗ ಬೈಲಿಕ್ಕೆ ಯಾರೂ ಉಳಿದಿಲ್ಲ. ಭಾವನ ಮಕ್ಕಳಿದ್ದಾರೆ, ಓದಿದವರು. ನಾನು ಕೆಟ್ಟದು ಮಾಡಿದ್ದಲ್ಲ ಅಂತ ಅವರಿಗೆ ಒಂದು ಸಲ ಗೊತ್ತಾಗ್ಲಿ. ನನ್ನ ಹೆಸರು ಹಾಕ್ತೀಯಾ?”

“ಹಾಕ್ತೇನೆ ಅಮ್ಮ.”

“ಕನ್ನಡದಲ್ಲಿ?”

“ಕನ್ನಡದಲ್ಲೇ.”

ಹೀಗೆ ಮಾತು ಕೊಟ್ಟೆ. ಕೊಡಲು ನನಗೆ ಧೈರ್ಯವಿದ್ದದ್ದು ಸರ್ ಇದ್ದಾರೆ ಎಂಬ ಕಾರಣಕ್ಕೆ. ಸಭೆಯ ಸುವರ್ಣ ಮಹೋತ್ಸವಕ್ಕೆ ಕನ್ನಡದಲ್ಲಿ ಒಂದು ಇತಿಹಾಸದ ಪುಸ್ತಕ ತರುವುದೆಂದು ಆಗಲೇ ತೀರ್ಮಾನವಾಗಿತ್ತು. ಸಂಪಾದಕರು ಅವರೇ. ಆರಂಭದ ದಿನಗಳ ಅಧ್ಯಾಯ ಬರೆಯಲು ಹೇಳಿದ್ದು ನನಗೆ. ಬರೆದು ಕೊಟ್ಟಾಗ ಅಲ್ಲೇ ಕೂತು ಓದಿದರು. ಮೆಟ್ಟಿಲ ಮೇಲೆ ಅಮ್ಮ ಹಸಿದು ಕೂತ ಭಾಗ ಬಂದಾಗ ಅವರ ಕಣ್ಣು ತುಂಬಿತು. “ಒಂದು ಅಕ್ಷರ ಬದಲಾಗಬಾರದು ನೋಡು,” ಎಂದರು. ಪ್ರೂಫ್ ನಾನು ನೋಡಲೇ ಎಂದರೆ, “ನಿನಗ್ಯಾಕ ತೊಂದರೆ, ನಾನ ನೋಡ್ತೀನಿ,” ಎಂದರು. ಎಷ್ಟು ಕಾಳಜಿ ಎಂದು ನಾನು ಕರಗಿಹೋದೆ.

ಮಹೋತ್ಸವಕ್ಕೆ ಅಮ್ಮನನ್ನು ಕರೆದದ್ದು ನಾನು. ಅವರು ಬೇಡವೆನ್ನಲೇ ಇಲ್ಲ. ಅಂದು ಮಧ್ಯಾಹ್ನ ಜರಿಯಂಚಿನ ಸೀರೆ ಉಟ್ಟು, ಮಗನ ತೋಳು ಹಿಡಿದು ಬಂದರು. ಊಟದ ಆರ್ಡರ್ ಅವರ ಹೋಟೆಲಿಗೇ ಕೊಟ್ಟಿದ್ದರಿಂದ ಬಾಗಿಲಲ್ಲಿ ನಿಂತಿದ್ದ ಸಭಾಹಿರಿಯರೊಬ್ಬರು, “ಕ್ಯಾಟರಿಂಗ್‌ನವರು ಹಿಂದಿನ ಗೇಟಿನಿಂದ ಬನ್ನಿ,” ಎಂದರು. ನಾನು ಓಡಿಹೋಗಿ, ಇವರು ನಮ್ಮ ಅತಿಥಿ ಎಂದು ಹೇಳಿ, ಕೈಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದೆ. ಅಮ್ಮನಿಗೆ ಬೇಸರವಾದಂತಿರಲಿಲ್ಲ. ಸುತ್ತಲೂ ನೋಡುತ್ತ, ಎಷ್ಟು ಜನ ಆಗಿದ್ದೀರಿ ಎಂದು ಸಂತೋಷಪಟ್ಟರು. ವೇದಿಕೆಯ ಮೇಲಿದ್ದ ಸರ್ ನಮ್ಮ ಕಡೆ ನೋಡಲಿಲ್ಲ. ಗಡಿಬಿಡಿಯಿರಬೇಕು ಎಂದುಕೊಂಡೆ.

ಪುಸ್ತಕ ಬಿಡುಗಡೆಯಾಗಿ ಎಲ್ಲರಿಗೂ ಹಂಚಿದರು. ನನ್ನ ಅಧ್ಯಾಯ ತೆರೆದೆ. ತಲೆಯ ಮೇಲೆ ನನ್ನ ಹೆಸರು ದಪ್ಪ ಅಕ್ಷರದಲ್ಲಿತ್ತು. ಕೆಳಗೆ ನನ್ನ ವಾಕ್ಯಗಳೇ ಇದ್ದವು, ಆದರೆ ಹೋಟೆಲಿರಲಿಲ್ಲ. ಆರಂಭದಲ್ಲಿ ಕರೋಲ್ ಬಾಗಿನ ಬಾಡಿಗೆ ಕೋಣೆಯೊಂದರಲ್ಲಿ ಆರಾಧನೆ ನಡೆಯುತ್ತಿತ್ತು ಎಂದಿತ್ತು. ಕರ್ತನ ಭೋಜನದ ದ್ರಾಕ್ಷಾರಸವನ್ನು ಸಭೆಯ ಸಹೋದರಿಯೊಬ್ಬರು ಉಪವಾಸವಿದ್ದು, ಪ್ರಾರ್ಥನಾಪೂರ್ವಕವಾಗಿ ಸಿದ್ಧಪಡಿಸುತ್ತಿದ್ದರು ಎಂದಿತ್ತು. ಆ ಸಹೋದರಿಯ ಹೆಸರೂ ಇತ್ತು. ಅದು ಸರ್ ಅವರ ತೀರಿಹೋದ ಹೆಂಡತಿಯ ಹೆಸರು. ಆಕೆ ಮದುವೆಯಾಗಿ ದೆಹಲಿಗೆ ಬಂದದ್ದೇ ಸಭೆ ಕರೋಲ್ ಬಾಗ್ ಬಿಟ್ಟ ಮೇಲೆ. ಮಡಿ ಹೋಗಿತ್ತು, ಹಸಿವು ಮಾತ್ರ ಉಳಿದಿತ್ತು, ಅದನ್ನೂ ಕದ್ದು ಇನ್ನೊಬ್ಬರಿಗೆ ಉಡಿಸಿದ್ದರು.

ತಲೆ ಎತ್ತಿದಾಗ ಅಮ್ಮ ಕನ್ನಡಕ ಹಾಕಿಕೊಂಡು, ತುಟಿ ಅಲುಗಿಸುತ್ತ, ಅದೇ ಪುಟ ಓದುತ್ತಿದ್ದರು. ಅವರ ಕೈಯಿಂದ ಪುಸ್ತಕ ಕಿತ್ತುಕೊಳ್ಳಬೇಕೆನಿಸಿತು. ಕೈ ಮೇಲೇಳಲಿಲ್ಲ. ಓದಿ ಮುಗಿಸಿ, ಮಡಚಿ, ಮಡಿಲಲ್ಲಿ ಇಟ್ಟುಕೊಂಡರು.

“ಬಾಡಿಗೆ ಅಂತ ಬರ್ದಿದ್ದೀಯಲ್ಲ ಮಗಾ,” ಎಂದರು ಮೆಲ್ಲಗೆ. “ಅವರು ಒಂದು ಪೈಸೆ ಮುಟ್ಟಲಿಲ್ಲ.”

ತಮ್ಮ ಹೆಸರಿನ ಮಾತು ಎತ್ತಲಿಲ್ಲ. ಗಂಡನ ಮೇಲೆ ಬಂದ ಮಾತಿಗೆ ಮೊದಲು ನೊಂದರು.

“ನಾನು ಬರೆದದ್ದಲ್ಲ ಅಮ್ಮ. ದೇವರಾಣೆ. ಯಾರೋ ಬದಲಾಯಿಸಿದ್ದಾರೆ.”

ಅವರು ಪುಸ್ತಕವನ್ನು ಮತ್ತೆ ತೆರೆದು ತಲೆಬರಹದ ಕೆಳಗೆ ಬೆರಳಿಟ್ಟರು. “ನಿನ್ನ ಹೆಸರೇ ಉಂಟಲ್ಲ,” ಎಂದರು.

ಊಟಕ್ಕೆ ನಿಲ್ಲಲಿಲ್ಲ. ಅವರದೇ ಅಡುಗೆಯವರು ಮಾಡಿದ ಊಟ ಅದು.

ಮರುದಿನ ಮಯೂರ್ ವಿಹಾರ್‌ಗೆ ಹೋದೆ. ಸರ್ ಬಾಗಿಲು ತೆರೆದು, ನನ್ನ ಮುಖ ನೋಡಿ, ಏನೂ ಕೇಳದೆ ಒಳಗೆ ನಡೆದರು. ನಾನೂ ಹಿಂದೆಯೇ ಹೋಗಿ ನಿಂತುಕೊಂಡೇ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಪ್ರಾಮಾಣಿಕರು. ಕರಡು ಓದಿದ ಸಭಾಹಿರಿಯರು ಗಾಬರಿಬಿದ್ದಿದ್ದರಂತೆ. ದೀಕ್ಷಾಸ್ನಾನವಾಗದ ಕೈಯ ರಸ, ಅದೂ ಇನ್ನೊಂದು ದೇವರ ಮಡಿಯಲ್ಲಿ ನೈವೇದ್ಯವೆಂದು ಮಾಡಿದ್ದು. ಹಾಗಾದರೆ ಅಷ್ಟು ವರ್ಷಗಳ ಕರ್ತನ ಭೋಜನ ಊರ್ಜಿತವೋ ಅಲ್ಲವೋ? ಅಲ್ಲಿ ದೃಢೀಕರಣವಾದವರ ಗತಿಯೇನು? ಇದು ಕೇಳತಕ್ಕ ಪ್ರಶ್ನೆಯೆಂದು ನಮ್ಮವರಿಗೆ ಮಾತ್ರ ಅನ್ನಿಸಲು ಸಾಧ್ಯ. ಸತ್ತವರ ಬಾಯಿಂದ ಗುಟುಕು ವಾಪಸು ತೆಗೆಯಲು ಹೊರಟಿದ್ದರು.

“ಮತ್ತೆ ನಿಮ್ಮದು ಸರ್? ನೀವು ಕುಡಿದದ್ದು?”

“ಅದಕ್ಕ ಹೇಳಿದ್ದು. ಈಗ ಕೆದಕಿದರ ಎಲ್ಲಾರ ಮನಸ್ಸು ಕೆಡತದ.”

“ಕ್ಲಾಸಿನಲ್ಲಿ ಇಥಿಯೋಪಿಯಾದ ದ್ರಾಕ್ಷಿ ಆಗ್ತದೆ, ಕರೋಲ್ ಬಾಗಿನದು ಆಗೂದಿಲ್ವಾ?”

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ದೂರದ ಬೆಟ್ಟ ನುಣ್ಣಗೆ ಎಂಬುದನ್ನು ಚರಿತ್ರೆಯ ಪ್ರೊಫೆಸರರಿಂದ ಕಲಿಯಬೇಕಾಯಿತು ನಾನು.

“ಬೇಡವಾದರೆ ತೆಗೆದುಬಿಡಬಹುದಿತ್ತು. ನಿಮ್ಮ ಹೆಂಡತಿಯ ಹೆಸರು ಯಾಕೆ ಹಾಕಿದ್ರಿ?”

ಗೋಡೆಯ ಮೇಲಿನ ಫೋಟೋ ಕಡೆ ನೋಡಿದರು. “ಯಾರರ ಮಾಡಿರಬೇಕಲ್ಲ ಅಂತ ಕೇಳಿದರು. ಆಕಿ ಇದ್ದರ ಮಾಡತಿದ್ದಳು,” ಎಂದರು. ಆಮೇಲೆ, “ನೋಡವಾ, ನಿನಗ ಥೀಸಿಸ್ ಐತಿ. ಅದರಾಗ ಬೇಕಾದ್ದು ಬರಕೋ. ನನಗ ಸಭಾ ಐತಿ.”

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಈ ಮಾತಿನಿಂದ. ತಿದ್ದಿದ್ದಕ್ಕಿಂತ, ನನ್ನ ಹೆಸರು ಬಳಸಿಕೊಂಡದ್ದಕ್ಕಿಂತ ಇದು ಹೆಚ್ಚು ಸುಟ್ಟಿತು. ಅವರು ಇಷ್ಟು ವರ್ಷ ಕಲಿಸಿದ್ದೆಲ್ಲ ಥೀಸಿಸ್ಸಿಗೆ ಮಾತ್ರ ಎಂದಾಯಿತು. ನಾನು ಅದನ್ನು ನಿಜವೆಂದು ನಂಬಿ ಒಬ್ಬ ಮುದುಕಿಗೆ ಮಾತು ಕೊಟ್ಟು ಬಂದಿದ್ದೆ. ನಂಬಿದವರ ಕೈಯಲ್ಲೇ ಕತ್ತು ಕೊಯ್ಸಿಕೊಂಡ ಹಾಗಾಯಿತು. ಅಳಬಾರದೆಂದು ಹೋಗಿದ್ದೆ, ಅವರೆದುರೇ ಅತ್ತೆ. ಅವರು ನೀರು ತಂದುಕೊಟ್ಟರು. ಕುಡಿಯಲಿಲ್ಲ.

ತಿದ್ದುಪಡಿ ಹಾಕಿಸಿ ಎಂದು ಸಭೆಗೆ ಬರೆದು ಕೊಟ್ಟೆ. ಯಾರೂ ಉತ್ತರಿಸಲಿಲ್ಲ. ಮಾರ್ಗದರ್ಶಕರನ್ನು ಬದಲಾಯಿಸಿದೆ. ವಿಭಾಗದಲ್ಲಿ ಗುರುದ್ರೋಹಿ ಎಂಬ ಬಿರುದೂ ಬಂತು, ಯಾರು ಯಾರಿಗೆ ದ್ರೋಹ ಮಾಡಿದರೆಂದು ಯಾರೂ ವಿಚಾರಿಸಲಿಲ್ಲ. ಹೊಸ ಮಾರ್ಗದರ್ಶಕರಿಗೆ ಎಲ್ಲವನ್ನೂ ಮೊದಲಿನಿಂದ ಒಪ್ಪಿಸಿ ಮುಗಿಸುವಷ್ಟರಲ್ಲಿ ಮೆಟ್ರೋ ಕರೋಲ್ ಬಾಗ್ ದಾಟಿ ಮುಂದೆ ಹೋಗಿತ್ತು. ಆದರೂ ಆ ಅಧ್ಯಾಯ ಥೀಸಿಸ್ಸಿನಲ್ಲಿ ಪೂರ್ತಿ ಇದೆ. ಅಮ್ಮನ ಹೆಸರು, ಅವರ ಯಜಮಾನರ ಹೆಸರು, ಬಾಡಿಗೆಯಿಲ್ಲದ ಕೋಣೆ, ಮಡಿ, ಏಲಕ್ಕಿ, ಒಂದನ್ನೂ ಬಿಟ್ಟಿಲ್ಲ.

ಡಿಗ್ರಿ ಬಂದ ವಾರವೇ ಪ್ರತಿ ಹಿಡಿದುಕೊಂಡು ಹೋದೆ. ಅಮ್ಮ ಹಾಸಿಗೆಯಲ್ಲಿದ್ದರು, ನನ್ನನ್ನು ಗುರುತು ಹಿಡಿದು ತಿಂಡಿ ತರಲು ಮೊಮ್ಮಗಳಿಗೆ ಹೇಳಿದರು. ಆ ಹುಡುಗಿ ದೆಹಲಿಯಲ್ಲೇ ಬೆಳೆದವಳು. ನಾನು ಗುರುತು ಹಾಕಿದ್ದ ಪುಟಗಳನ್ನು ಇಂಗ್ಲಿಷಿನಲ್ಲಿ ಓದಿಕೊಂಡು, “ಅಜ್ಜಿ, ನಿಮ್ಮ ನಾಮ್ ಇದೆ ಇಲ್ಲಿ. ದಾದಾಜಿದೂ ಇದೆ. ಸಬ್ ಕುಛ್ ಬರ್ದಿದಾರೆ,” ಎಂದಳು. ಒಂದೊಂದು ಪ್ಯಾರಾವನ್ನೂ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿದಳು. ಅಮ್ಮ ಕಣ್ಣು ಮುಚ್ಚಿ ಕೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಈಗಲಾದರೂ ನಂಬುತ್ತಾರೆ ಎಂದು.

ಮುಗಿದ ಮೇಲೆ ಥೀಸಿಸ್ಸಿನ ಹಾಳೆಯೊಂದನ್ನು ಮುಟ್ಟಿ ನೋಡಿದರು. ಆ ಅಕ್ಷರ ಅವರಿಗೆ ಬರುತ್ತಿರಲಿಲ್ಲ.

“ಭಾವನ ಮಕ್ಕಳು ಆ ಪುಸ್ತಕ ಓದಿದ್ದಾರೆ ಮಗಾ. ಯಾರೋ ಊರಿಗೆ ತಕೊಂಡು ಹೋಗಿದ್ರು. ಚಿಕ್ಕಮ್ಮ ಹೇಳ್ತಿದ್ದದ್ದೆಲ್ಲ ಸುಳ್ಳಂತೆ ಅಂತ ಫೋನ್ ಮಾಡಿದ್ರು,” ಎಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ. “ನಮ್ಮವರಿಗೆ ಸುಳ್ಳು ಬರ್ದೆ, ಪರರಿಗೆ ಸತ್ಯ ಬರ್ದೆ. ಇರ್ಲಿ, ತಿಂಡಿ ತಿನ್ನು.”

ನಾನು ಬರೆದದ್ದಲ್ಲ ಎಂದು ಮತ್ತೊಮ್ಮೆ ಹೇಳಿದೆ. ಅವರು ಹೂಂಗುಟ್ಟಿದರು, ಹಟ ಮಾಡುವ ಮಗುವಿಗೆ ಹೂಂಗುಟ್ಟುವ ಹಾಗೆ.

ಅಮ್ಮ ಈಗಿಲ್ಲ. ಸರ್ ಕೂಡ ನಿವೃತ್ತರಾಗಿ ಊರಿಗೆ ಹೋದರು, ಅವರು ಸಂಪಾದಿಸಿದ ಆ ಪುಸ್ತಕವನ್ನು ಉಲ್ಲೇಖಿಸಿ ಬೇರೆಯವರು ಲೇಖನ ಬರೆಯುತ್ತಿದ್ದಾರೆ, ಅದರಲ್ಲೆಲ್ಲ ಆ ಸಹೋದರಿ ಉಪವಾಸವಿರುತ್ತಾಳೆ. ಇದನ್ನು ಕನ್ನಡದಲ್ಲಿ ಬರೆಯಬೇಕೆಂದು ಹೊರಟಾಗ ಅಮ್ಮನ ಮಗನಿಗೆ ಫೋನ್ ಮಾಡಿದೆ. ಅಮ್ಮನ ಹೆಸರು ಹಾಕುತ್ತೇನೆ, ಅವರಿಗೆ ಮಾತು ಕೊಟ್ಟಿದ್ದೆ ಎಂದೆ. ಹಿಂದೆ ಹೋಟೆಲಿನ ಗದ್ದಲ ಕೇಳುತ್ತಿತ್ತು. ಅವರು ಯಾರಿಗೋ ಚಿಲ್ಲರೆ ಎಣಿಸಿ ಕೊಟ್ಟರು.

“ಹೆಸರು ಬೇಡ ಮೇಡಂ,” ಎಂದರು. “ನೀವು ಬರೆದ್ರೆ ಯಾರು ನಂಬ್ತಾರೆ?”